ಶನಿವಾರದ ಪ್ರಶ್ನೆ

ಹೂಳಿನವರದೂ ಒಂದು ಬಳಗ ಇದೆ ಎಂದರೆ ಶಹಾಬಾದದ ಮಂದಿ ಇವತ್ತಿಗೂ ನಗುತ್ತಾರೆ. ವಕೀಲರ ಸಂಘ ಗೊತ್ತು, ಕಿರಾಣಿ ವರ್ತಕರ ಸಂಘ ಗೊತ್ತು, ನಿವೃತ್ತ ರೈಲ್ವೆ ನೌಕರರ ಸಂಘವಂತೂ ಗಲ್ಲಿಗೊಂದು. ಇದೇನಪ್ಪಾ ಕೆಸರಿನ ಸಂಘ? ನಗಲಿ ಬಿಡಿ. ಹೊಳೆ ತನ್ನ ಜೊತೆ ಎಷ್ಟು ಮಣ್ಣು ತರುತ್ತದೆ, ಜಲಾಶಯ ಯಾಕೆ ತುಂಬಿಹೋಗುತ್ತದೆ, ಬಂದರಿನ ಬಾಯಿ ಯಾಕೆ ಕಟ್ಟಿಕೊಳ್ಳುತ್ತದೆ ಎಂದು ತಲೆ ಕೆಡಿಸಿಕೊಂಡು ಬದುಕುವವರೂ ಈ ಭೂಮಿಯ ಮೇಲೆ ಇದ್ದಾರೆ. ಅವರಿಗೂ ತಮ್ಮ ಮಾತು ತಿಳಿಯುವ ನಾಲ್ಕು ಜನ ಬೇಕಲ್ಲ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಈ ಬಳಗದವರ ಕೈ ಕೆಸರಾದದ್ದು ಖರೆ, ಮೊಸರನ್ನು ಮಾತ್ರ ಯಾರೂ ಕಂಡಿಲ್ಲ.

ಬಳಗ ನಡೆಸುತ್ತಿದ್ದವಳು ಸಂಘಮಿತ್ರಾ. ನೀರಾವರಿ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದು, ಮೇಲಿನವರ ಜೊತೆ ಜಗಳಾಡಿ, ಅವಧಿಗೆ ಮುಂಚೆಯೇ ಕೆಲಸ ಬಿಟ್ಟು ಬಂದ ಹೆಂಗಸು. ತಾಯಿ ಮಾಣಿಕಮ್ಮ, ತಮ್ಮ ರಾಜರತ್ನ, ಇವಳು, ಹೀಗೆ ಮೂವರ ಮನೆ. ನೆಲ, ಗೋಡೆ, ಮಾಳಿಗೆ ಎಲ್ಲ ಊರಿನದೇ ಕಲ್ಲು. ಮುಂದಿನ ಕೋಣೆಯೇ ಬಳಗದ ಕಚೇರಿ. ಅಲ್ಲಿ ಕುಳಿತು ಅವಳು ಚಂದ್ರಂಪಳ್ಳಿ ಜಲಾಶಯದವರಿಂದ ಹಿಡಿದು ಕಾರವಾರ, ಕಾಕಿನಾಡ ಬಂದರಿನವರ ತನಕ ಮುನ್ನೂರು ಜನರನ್ನು ಒಂದು ವಾಟ್ಸಾಪ್ ಗುಂಪಿನಲ್ಲಿ ಹಿಡಿದಿಟ್ಟಿದ್ದಳು. ಹಿಡಿದಿಡುವುದೆಂದರೆ ಹುಡುಗಾಟವಲ್ಲ. ಗುಂಪಿನಲ್ಲಿ ಹೊಳೆಯವರದು ಒಂದು ಕಡೆ, ಕಡಲವರದು ಒಂದು ಕಡೆ. ಹೊಳೆಯವರಿಗೆ ಹೂಳೆಂದರೆ ಹೊಲಕ್ಕೆ ಹೊಡೆಯುವ ಸಾರ. ಕಡಲವರಿಗೆ ಅದೇ ಹೂಳು ಹಡಗಿನ ದಾರಿಗೆ ಅಡ್ಡ ಮಲಗಿದ ಶನಿ. ಇಬ್ಬರನ್ನೂ ಕೂಡಿಸಿ ಸಭೆ ಮಾಡಿದರೆ ಅತ್ತೆ ಸೊಸೆಯರನ್ನು ಒಂದೇ ಒಲೆ ಮುಂದೆ ಕೂಡಿಸಿದ ಹಾಗೆ.

ಆದರೂ ಬಳಗಕ್ಕೆ ತನ್ನದೇ ಎರಡು ಪದ್ಧತಿಗಳಿದ್ದವು. ಒಂದು, ಹೊಸ ನೀರಿನ ಬಾಟ್ಲಿ. ವರ್ಷದ ದೊಡ್ಡ ಪ್ರವಾಹ ಬಂದ ದಿನ ಪ್ರತಿಯೊಬ್ಬರೂ ತಮ್ಮ ಹೊಳೆಯ ಕೆನ್ನೀರನ್ನು ಎರಡು ಬಾಟ್ಲಿ ತುಂಬಿ, ಒಂದು ಮೇಲಿನ ನೀರು ಇನ್ನೊಂದು ಆಳದ ನೀರು, ಶಹಾಬಾದಕ್ಕೆ ಕಳಿಸಬೇಕು. ಹೊಳೆ ವರ್ಷವಿಡೀ ಹೊರುವ ಮಣ್ಣಿನ ಮುಕ್ಕಾಲು ಪಾಲು ಆ ಒಂದೆರಡು ದಿನಗಳಲ್ಲೇ ಹರಿದುಹೋಗುತ್ತದೆ. ಆ ದಿನ ತಪ್ಪಿದರೆ ವರ್ಷವೇ ತಪ್ಪಿತು. ಬಂದ ಬಾಟ್ಲಿಗಳು ಕೋಣೆಯ ಕಲ್ಲಿನ ಗೂಡುಗಳಲ್ಲಿ ಸಾಲಾಗಿ ನಿಲ್ಲುತ್ತಿದ್ದವು, ಮೇಲೆ ತಿಳಿನೀರು, ಕೆಳಗೆ ಮಣ್ಣು. ಇನ್ನೊಂದು, ಶನಿವಾರದ ಪ್ರಶ್ನೆ. ವಾರಕ್ಕೊಮ್ಮೆ ಸಂಘಮಿತ್ರಾ ಗುಂಪಿನಲ್ಲಿ ಒಂದು ಲೆಕ್ಕ ಹಾಕುತ್ತಿದ್ದಳು. ಇಂಥಾ ಹೊಳೆಗೆ ಇಂಥಾ ಕಲ್ಲು ಬಿದ್ದರೆ ಎಲ್ಲಿ ಹೋಗಿ ನಿಲ್ಲುತ್ತದೆ, ಹೀಗೆ. ದೊಡ್ಡ ದೊಡ್ಡ ಹುದ್ದೆಯವರು ಶಾಲೆಯ ಮಕ್ಕಳಿಗಿಂತ ಕಡೆಯಾಗಿ ಜಗಳಾಡಿ ಉತ್ತರ ಬರೆಯುತ್ತಿದ್ದರು. ಹೊಳೆಗೆ ಸುರಿದರೂ ಅಳೆದು ಸುರಿ ಎಂಬ ಗಾದೆಯನ್ನು ಅವಳು ಗುಂಪಿನ ತಲೆಬರಹವನ್ನಾಗಿಯೇ ಇಟ್ಟಿದ್ದಳು.

ಪದ್ಧತಿ ಎರಡಾದರೆ ನಿಯಮ ಐದಾರು. ಅದರಲ್ಲಿ ಮೂರನೆಯದು ಬಿಗಿ. ಗುಂಪಿನಲ್ಲಿ ಮನೆಯ ಸುದ್ದಿ ಹಾಕಬಾರದು. ಹುಟ್ಟು, ಸಾವು, ಮದುವೆ, ಶುಭೋದಯ, ಏನೂ ಇಲ್ಲ. ಇದಕ್ಕೆ ಕಾರಣವಿತ್ತು. ಹಿಂದೊಮ್ಮೆ ಸದಸ್ಯರೊಬ್ಬರ ತಂದೆ ತೀರಿಕೊಂಡಾಗ 'ಓಂ ಶಾಂತಿ' ಎಂಬ ಸಂದೇಶಗಳು ಒಂದರ ಮೇಲೊಂದು ಬಂದು ಬಿದ್ದು, ನಡುವೆ ಯಾರೋ ಬರೆದ 'ಗೇಟು ತೆಗೆಯುತ್ತಿದ್ದೇವೆ, ಹೊಳೆಯಲ್ಲಿ ಕೆಲಸ ಮಾಡುವವರು ಮೇಲೆ ಬನ್ನಿ' ಎಂಬ ಮಾತು ಕಣ್ಣಿಗೇ ಬೀಳಲಿಲ್ಲ. ಕೆಳಗಿದ್ದ ಜನ ಹೇಗೋ ಉಳಿದರು, ಅವರ ಹೂಳೆತ್ತುವ ಯಂತ್ರ ಉಳಿಯಲಿಲ್ಲ. ಅವತ್ತೇ ಸಂಘಮಿತ್ರಾ ಮೂರನೆಯ ನಿಯಮ ಬರೆದಳು. ಬರೆದದ್ದು ತಪ್ಪಲ್ಲ. ಆದರೆ ನಿಯಮ ಬರೆದವರಿಗೆ ಅದನ್ನು ಪಾಲಿಸುವ ಚಟ ಹತ್ತುತ್ತದೆ ನೋಡಿ, ಅದು ಕೆಟ್ಟದ್ದು.

ಸೇಡಂನಲ್ಲಿ ರಘೂತ್ತಮ ಎಂಬ ಹಿರಿಯರಿದ್ದರು. ಕಾಲೇಜಿನಲ್ಲಿ ಭೂಗರ್ಭಶಾಸ್ತ್ರ ಕಲಿಸಿ ನಿವೃತ್ತರಾದವರು, ಬಳಗದ ಮಾಸಪತ್ರಿಕೆಯ ಅಚ್ಚಿನ ತಪ್ಪುಗಳನ್ನು ತಿದ್ದುತ್ತಿದ್ದವರು. ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ ಅವರು ಗುಂಪಿನಲ್ಲಿ ಎರಡು ಸಾಲು ಬರೆದರು. ಈ ತಿಂಗಳು ತಿದ್ದುವುದಾಗುವುದಿಲ್ಲ, ನಮ್ಮ ಮನೆಯವರು ಇವತ್ತು ಹೋಗಿಬಿಟ್ಟರು ಎಂದು. ಹೆಸರನ್ನೂ ಬರೆದಿದ್ದರು. ಸಂಘಮಿತ್ರಾ ಅದನ್ನು ಅಳಿಸಿ, 'ದಯವಿಟ್ಟು ಮೂರನೆಯ ನಿಯಮ ನೋಡಿ' ಎಂದು ಬರೆದಳು. 'ಕ್ಷಮಿಸಿ, ಮರೆತೆ' ಎಂದು ಅವರಿಂದ ಉತ್ತರ ಬಂತು. ಅಷ್ಟೇ. ಫೋನ್ ಮಾಡಬೇಕೆಂದುಕೊಂಡಳು, ಇವತ್ತು ನಾಳೆ ಅನ್ನುತ್ತಾ ಅದು ಹಾಗೆಯೇ ಉಳಿಯಿತು.

ಇನ್ನು ರಾಜರತ್ನ. ದೋಣಿ ಕಟ್ಟಿಕೊಂಡು ಕೆರೆ, ಹೊಳೆಗಳ ತಳ ಅಳೆದು ನಕಾಶೆ ಮಾಡಿಕೊಡುವುದು ಅವನ ಕಸುಬು. ಅಕ್ಕನ ಬಳಗಕ್ಕೆ ಬೈಯುತ್ತಲೇ ದುಡಿಯುತ್ತಿದ್ದ. ಅವನ ಜೀವದ ಗೆಳೆಯ ಸುರೇಶಕುಮಾರ, ವಾಡಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದವನು, ಈಗ ಕಡಲ ದಂಡೆಯಲ್ಲಿ ಬಂದರಿನ ಹೂಳೆತ್ತುವ ಹಡಗಿನ ಮೇಲೆ ಕೆಲಸ. ಇಬ್ಬರೂ ಕೂಡಿ ಓದಿದವರು. ಓದುವಾಗ ಸುರೇಶನಿಗೆ ಊಟವೆಂದರೆ ಮಾಣಿಕಮ್ಮನ ಜೋಳದ ರೊಟ್ಟಿ, ಪುಂಡಿಪಲ್ಯವೇ. ಗುಂಪಿನಲ್ಲಿ ಕಡಲವರ ಪರವಾಗಿ ಗದ್ದಲ ಹಾಕುವವನೂ ಅವನೇ, ಎಲ್ಲದಕ್ಕೂ ಚಾಷ್ಟಿ, ತಮಾಷೆ ಮಾಡುವವನೂ ಅವನೇ.

ಎರಡು ವರ್ಷ ಊರ ಹೊಳೆ ಕಾಗಿಣಾಕ್ಕೆ ಹೇಳಿಕೊಳ್ಳುವಂಥ ಪ್ರವಾಹ ಬರಲಿಲ್ಲ. ಗೂಡಿನಲ್ಲಿ ಎಲ್ಲ ಹೊಳೆಗಳ ಬಾಟ್ಲಿಗಳಿದ್ದವು, ಮನೆಯ ಹೊಳೆಯದೇ ಇರಲಿಲ್ಲ. ಈ ಸಲ ಶ್ರಾವಣ ಮುಗಿಯುವ ಹೊತ್ತಿಗೆ ಕಾಗಿಣಾ ಕೆಂಪಾಗಿ, ದಂಡೆ ಮೀರಿ ಬಂತು. ಶುಕ್ರವಾರ ರಾಜರತ್ನ ಚಿತ್ತಾಪುರದಲ್ಲಿ ಯಾವುದೋ ಕೆಲಸದ ಮೇಲಿದ್ದ. ಸಂಘಮಿತ್ರಾ ಫೋನ್ ಮಾಡಿದಳು.

"ಎಲ್ಲಾರದೂ ಬಂದಾವ. ನಮ್ಮದ ಇಲ್ಲಂದ್ರ ಮಂದಿ ನಗ್ತಾರ. ಮಳಖೇಡಕ್ಕ ಹೋಗಿ ತುಂಬ್ಕೊಂಡು ಬಾ."

"ಮಳಿ ನೋಡಕ್ಕಾ. ನಾಳಿ ಹೋದ್ರ ನಡ್ಯಾಂಗಿಲ್ಲೇನು?"

"ನಾಳಿ ನೀರು ಇಳೀತದ. ಇವತ್ತ ಬೇಕು."

"ಆತು ಬಿಡು, ಹೊಂಟೆ. ನಿನ್ನ ಬಾಟ್ಲಿ ತುಂಬದಿದ್ರ ನನಗ ರಾತ್ರಿ ಊಟ ಇಲ್ಲ," ಎಂದು ನಕ್ಕು ಫೋನ್ ಇಟ್ಟ.

ಮಳಖೇಡದ ಹೊಳೆ ದಂಡೆಯಲ್ಲಿ ಚಹದ ಅಂಗಡಿ ಇಟ್ಟಿದ್ದ ಗುಲಾಮ ದಸ್ತಗೀರ ನಡೆದದ್ದನ್ನೆಲ್ಲ ಕಣ್ಣಾರೆ ಕಂಡ. ಹಳೆಯ ಸೇತುವೆಗೆ ಪಕ್ಕದ ಕಂಬಿ ಉಳಿದಿಲ್ಲ. ಬಾಟ್ಲಿ ಕೂಡಿಸಿದ ಕಬ್ಬಿಣದ ಗೂಡನ್ನು ಹಗ್ಗ ಕಟ್ಟಿ ಇಳಿಸಬೇಕು. ಹಗ್ಗ ಕಂಬಿಗೆ ಕಟ್ಟಬೇಕೆಂಬುದು ಬಳಗದ ಸೂಚನೆ. ಕಂಬಿಯೇ ಇಲ್ಲದಲ್ಲಿ ಏನು ಕಟ್ಟುವುದು? ಅಕ್ಕ ಆಸೆಪಟ್ಟು ಮಾಡಿಸಿಕೊಟ್ಟ ಕಬ್ಬಿಣದ ಗೂಡು ಹೊಳೆಪಾಲಾಗಬಾರದೆಂದು ರಾಜರತ್ನ ಹಗ್ಗವನ್ನು ತನ್ನ ಮುಂಗೈಗೇ ಸುತ್ತಿಕೊಂಡ. ಮೇಲಿನ ನೀರಿನ ಬಾಟ್ಲಿ ತುಂಬಿ, ಮುಚ್ಚಳ ಬಿಗಿದು, ಕಲ್ಲಿನ ಮೇಲೆ ಇಟ್ಟ. ಆಳದ ನೀರಿಗೆಂದು ಎರಡನೆಯದನ್ನು ಇಳಿಸಿದ. ಆಗ ಬೇರುಸಹಿತ ತೇಲಿ ಬಂದ ಮರವೊಂದು ಹಗ್ಗಕ್ಕೆ ಸಿಕ್ಕಿಕೊಂಡಿತು.

"ಕೂಗಿದೆ ಅಕ್ಕಾವ್ರ, ಹಗ್ಗ ಬಿಡೋ, ಬಿಡೋ ಅಂತ ಕೂಗಿದೆ," ಎಂದು ದಸ್ತಗೀರ ಆಮೇಲೆ ಸಂಘಮಿತ್ರಾಳ ಮುಂದೆ ಅಳುತ್ತಾ ಹೇಳಿದ. "ಬಿಡಾಕ ಅದು ಕೈಯಾಗಿದ್ದಿದ್ರ ಬಿಡತಿದ್ದ. ಕೈಗೇ ಸುತ್ತಿಕೊಂಡಿದ್ದ. ಯಾ ಅಲ್ಲಾ, ಒಂದ ಕ್ಷಣದಾಗ ಹ್ವಾದ."

ಸಂಘಮಿತ್ರಾ ಹೋದಾಗ ಸೇತುವೆಯ ಮೇಲೆ ಅವನ ಬೈಕು ಇತ್ತು, ಕಲ್ಲಿನ ಮೇಲೆ ಕೆನ್ನೀರಿನ ಬಾಟ್ಲಿ ಇತ್ತು. ಊರು, ದಿನ, ತನ್ನ ಹೆಸರು ಬರೆದ ಚೀಟಿಯನ್ನೂ ಅದಕ್ಕೆ ಅಂಟಿಸಿದ್ದ.

ಶನಿವಾರ ಬೆಳಿಗ್ಗೆ ಅಗ್ನಿಶಾಮಕ ದಳದವರ ದೋಣಿ ಬಂತು. ದಳದ ಮುಖ್ಯಸ್ಥ ದೇವೀಂದ್ರಪ್ಪ ಒಳ್ಳೆಯ ಮನುಷ್ಯ, ಆದರೆ ಹೊಳೆ ಉದ್ದ, ದೋಣಿ ಒಂದೇ. "ಮೇಡಂ, ನೀವು ಎಂಜಿನಿಯರ್ ಅದೀರಿ. ಎಲ್ಲಿ ಹುಡುಕಲಿ ಹೇಳ್ರಿ. ಸುಳ್ಳಸುಳ್ಳ ತಿರುಗಿದ್ರ ದಿನ ಹೋಗ್ತದ," ಎಂದ. ಚಿಂಚೋಳಿ ಕಡೆ ಮಳೆ ನಿಂತಿರಲಿಲ್ಲ. ಚಂದ್ರಂಪಳ್ಳಿ ಜಲಾಶಯದವರು ಗುಂಪಿನಲ್ಲಿ ನಿಯಮದ ಪ್ರಕಾರ ಎಚ್ಚರಿಕೆ ಹಾಕಿದ್ದರು. ಇವತ್ತು ನೀರು ಬಿಡುತ್ತೇವೆ, ಅದು ಮುಲ್ಲಾಮಾರಿಗೆ ಇಳಿದು, ನಾಳೆ ಮಧ್ಯಾಹ್ನದ ಹೊತ್ತಿಗೆ ಕಾಗಿಣಾದಲ್ಲಿ ಏರುತ್ತದೆ ಎಂದು. ಆ ಎರಡನೆಯ ನೀರು ಬಂದರೆ ರಾಜರತ್ನ ಎಲ್ಲೇ ಇದ್ದರೂ ಕಿತ್ತುಕೊಂಡು ಭೀಮೆಗೆ, ಅಲ್ಲಿಂದ ಕೃಷ್ಣೆಗೆ. ಆಮೇಲೆ ಸಿಗುವ ಮಾತೇ ಇಲ್ಲ. ಅವನು ಬದುಕಿಲ್ಲ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಈಗ ಉಳಿದದ್ದು ಒಂದೇ. ಮಗನ ಮುಖ ನೋಡಿ ಅವನನ್ನು ಮಣ್ಣು ಮಾಡುವ ಭಾಗ್ಯವಾದರೂ ಆ ತಾಯಿಗೆ ಇದೆಯೋ ಇಲ್ಲವೋ ಎಂಬುದು.

ಮಾಣಿಕಮ್ಮ ಹೊಳೆ ದಂಡೆಯ ಕಲ್ಲಿನ ಮೇಲೆ ಕೂತಿದ್ದಳು. ಅತ್ತು ಅತ್ತು ದನಿ ಕೂತುಹೋಗಿತ್ತು. ಮಗಳ ಕಡೆ ತಿರುಗಿ, "ನಿನ್ನ ಮಂದಿಗೆ ಕೇಳವ್ವಾ. ನೀರು ಏನ ಒಯ್ತದ, ಎಲ್ಲಿ ಒಯ್ದು ಬಿಡ್ತದ, ಹಗಲೂ ರಾತ್ರಿ ಅದ ಮಾತಾಡ್ತೀರಲ್ಲ. ನನ್ನ ಮಗನ್ನ ಎಲ್ಲಿ ಬಿಟ್ಟದ ಕೇಳು," ಎಂದಳು.

ಸಂಘಮಿತ್ರಾ ಫೋನ್ ತೆಗೆದಳು. 'ನನ್ನ ತಮ್ಮ' ಎಂದು ಬರೆದು, ಅಳಿಸಿದಳು. ನಿಯಮ ಅವಳದೇ. ಆದರೆ ನಿಯಮ ಒಂದೇ ಅಲ್ಲ, ಇನ್ನೊಂದು ಲೆಕ್ಕವೂ ಅವಳ ತಲೆಯಲ್ಲಿ ಓಡಿತು. ತಮ್ಮ ಎಂದು ಬರೆದರೆ ಮುನ್ನೂರು ಜನ ಕೈ ಮುಗಿದ ಚಿತ್ರ ಹಾಕುತ್ತಾರೆ, ಲೆಕ್ಕ ಹಾಕುವವರು ಯಾರು? ಸಂತಾಪದಿಂದ ಹೆಣ ಸಿಗುವುದಿಲ್ಲ. ಜಗಳಾಡಿದರೆ ಸಿಗಬಹುದು. ಅಲ್ಲದೆ, ಆ ಎರಡು ಶಬ್ದ ಬರೆದುಬಿಟ್ಟರೆ ಅದು ಖರೆ ಆಗಿಬಿಡುತ್ತದೆ ಎಂಬ ಹೆದರಿಕೆಯೂ ಇತ್ತು. ಹೇಗೂ ಶನಿವಾರ. ಅವಳು ಹೀಗೆ ಬರೆದಳು:

'ಶನಿವಾರದ ಪ್ರಶ್ನೆ. ಕಾಗಿಣಾ ತುಂಬಿ ಹರಿಯುತ್ತಿದೆ. ಶುಕ್ರವಾರ ಮಧ್ಯಾಹ್ನ ಮಳಖೇಡದ ಹಳೆಯ ಸೇತುವೆಯಿಂದ ಒಂದು ವಸ್ತು ನೀರಿಗೆ ಬಿದ್ದಿದೆ. ಉದ್ದ ಐದೂವರೆ ಅಡಿ. ತೂಕ ಅರವತ್ತೆರಡು ಕಿಲೋ. ಬಾಗುವಂಥದ್ದು. ಸಾಂದ್ರತೆ ನೀರಿಗಿಂತ ತುಸು ಹೆಚ್ಚು. ಅದು ಎಲ್ಲಿ ನಿಲ್ಲುತ್ತದೆ? ಕಾರಣ ಸಹಿತ ಉತ್ತರಿಸಿ.'

ತೂಕ ಅವಳಿಗೆ ಗೊತ್ತಿತ್ತು. ಏಪ್ರಿಲ್ ಹದಿನಾಲ್ಕರ ಜಯಂತಿಯ ದಿನ ರಕ್ತದಾನದ ಶಿಬಿರದಲ್ಲಿ ತೂಗಿಸಿಕೊಂಡು ಬಂದು, ಅವ್ವನ ರೊಟ್ಟಿ ತಿಂದು ಎರಡು ಕಿಲೋ ಏರೀನಿ ಎಂದು ಅವನೇ ಹೇಳಿದ್ದ.

ಎಂಥ ಪ್ರಶ್ನೆ, ಎಂಥ ಪ್ರಶ್ನೆ! ಗುಂಪಿನವರು ಹಬ್ಬದೂಟಕ್ಕೆ ಕೂತವರಂತೆ ಕೂತುಬಿಟ್ಟರು. ಹೊಳೆಯವರು ನಕಾಶೆ ತೆಗೆದರು. ದಂಡೋತಿಯ ತಿರುವಿನಲ್ಲಿ ಹೊಳೆ ಬಾಗುತ್ತದೆ, ಒಳ ಮಗ್ಗುಲಲ್ಲಿ ವೇಗ ಕಡಿಮೆ, ಮರಳು ಕೂಡುವ ಜಾಗ ಅದೇ, ವಸ್ತು ಅಲ್ಲೇ ನಿಲ್ಲುತ್ತದೆ ಎಂದು ಒಬ್ಬರ ಹಿಂದೊಬ್ಬರು ಬರೆದರು. ಸಂಘಮಿತ್ರಾ ತಾನೂ ಹೊಳೆಯವಳೇ, ಅವಳ ಲೆಕ್ಕವೂ ಅದೇ ಇತ್ತು. ದೇವೀಂದ್ರಪ್ಪನಿಗೆ ದಂಡೋತಿ ಎಂದಳು. ದೋಣಿ ಅತ್ತ ಹೋಯಿತು, ತಾಯಿ ಮಗಳೂ ಹೋದರು.

ಗುಂಪಿನಲ್ಲಿ ಸುರೇಶಕುಮಾರ ಆಗ ಬಂದ. ಮೊದಲು ಗೆಳೆಯನ ಕಾಲೆಳೆದ. 'ರಾಜಾ, ಎಲ್ಲಿದ್ದೀಯೋ? ನಿಮ್ಮೂರ ಹೊಳಿ ಪ್ರಶ್ನೆ, ನಿನ್ನದ ಸುದ್ದಿ ಇಲ್ಲ. ಅಕ್ಕ ಪೇಪರ್ ಔಟ್ ಮಾಡ್ಯಾರೇನು ನಿನಗ?' ಐದಾರು ಜನ ನಗುವ ಮುಖ ಹಾಕಿದರು. ಸಂಘಮಿತ್ರಾ ಫೋನನ್ನು ಸೀರೆಯ ಮಡಿಲಲ್ಲಿ ಮಗುಚಿ ಹಾಕಿ ಹೊಳೆಯ ಕಡೆ ನೋಡುತ್ತಾ ಕೂತಳು.

ಮತ್ತೆ ನೋಡಿದಾಗ ಅವನ ಉತ್ತರ ಬಂದಿತ್ತು. 'ಹೊಳಿಯವರೆಲ್ಲಾ ಬರೀ ಹೊಳಿ ನೋಡಾಕತ್ತೀರಿ. ಭೀಮಾನೂ ತುಂಬ್ಯಾಳಲ್ಲ, ಆಕೀನ ಮರತೀರೇನು? ಸಮುದ್ರಕ್ಕ ಭರತ, ಉಬ್ಬರ ಬಂದಾಗ ಹೊಳಿ ಬಾಯಾಗ ನೀರು ನಿಂತು ಹಿಂದಕ್ಕ ಸರೀತದ. ಕಾಗಿಣಾ ಭೀಮಾನ ಸೇರೋ ಹೊನಗುಂಟಾದ ಕೂಡಲದಾಗೂ ಈಗ ಅದ ಆಗ್ತದ. ಭೀಮಾ ಎದುರಿಗೆ ನಿಂತು ಕಾಗಿಣಾನ ತಡಿತಾಳ. ನೀರು ನಿಂತಲ್ಲಿ ಹೊಳಿ ಹೊತ್ತದ್ದನ್ನೆಲ್ಲಾ ಇಳಿಸ್ತದ. ದಂಡೋತಿ ಬಿಡ್ರಿ. ಕೆಳಗ, ಶಹಾಬಾದದ ಸೀಮಿಯೊಳಗ, ನಿಂತ ನೀರಿನ ಅಂಚು ಹುಡುಕ್ರಿ. ಉತ್ತರ ಸರಿ ಇದ್ರ ಬಹುಮಾನ ಅಂತ ನನಗ ಮಾಣಿಕಮ್ಮ ಅವ್ವನ ರೊಟ್ಟಿ, ಪುಂಡಿಪಲ್ಯ ಬೇಕು.'

ಇವನದು ಯಾವಾಗಲೂ ಇದೇ ಎಂದುಕೊಂಡಳು ಸಂಘಮಿತ್ರಾ. ಕಡಲವರಿಗೆ ಎಲ್ಲೆಲ್ಲೂ ಕಡಲೇ ಕಾಣುತ್ತದೆ. ದೋಣಿ ದಂಡೋತಿಯ ತಿರುವಿನಲ್ಲೇ ಸುತ್ತುತ್ತಿತ್ತು. ಮುಳ್ಳುಕಂಟಿ ಸಿಕ್ಕಿತು, ಸತ್ತ ಎಮ್ಮೆ ಸಿಕ್ಕಿತು, ಮನುಷ್ಯ ಸಿಗಲಿಲ್ಲ.

ಮಧ್ಯಾಹ್ನ ಅವಳ ಫೋನ್ ರಿಂಗಾಯಿತು. ರಘೂತ್ತಮರು.

"ಸಂಘಮಿತ್ರಾ ಅವರ, ಒಂದು ಮಾತು ಕೇಳಲೇನ್ರಿ?" ಎಂದರು. "ವಸ್ತು ಅಂತ ಬರೆದೀರಿ. ಐದೂವರಿ ಅಡಿ, ಅರವತ್ತೆರಡು ಕಿಲೋ. ಕಲ್ಲಲ್ಲ, ಕಟಗಿ ಅಲ್ಲ. ಮಳಖೇಡದಾಗ ಒಬ್ಬ ಕೊಚ್ಚಿ ಹೋದ ಅಂತ ಪೇಪರಿನ್ಯಾಗ ಓದೀನಿ. ಯಾರ್ರೀ ಅದು?"

ಅವಳು ಅವ್ವನಿಗೆ ಕೇಳಿಸದ ಹಾಗೆ ನಾಲ್ಕು ಹೆಜ್ಜೆ ದೂರ ಸರಿದಳು. "ಬಾಟ್ಲಿ ಹಗ್ಗ ಕೈಗೆ ಸುತ್ತಿಕೊಂಡಿದ್ದ ರೀ ಸರ್," ಎಂದಷ್ಟೇ ಹೇಳಿದಳು.

"ರಾಜರತ್ನನಾ?" ಎಂದರು ಅವರು. "ಎಲ್ಲಿದ್ದೀಯವ್ವಾ? ಅಲ್ಲೇ ಇರು, ಬಂದೆ," ಎಂದರು. ಅಷ್ಟು ದಿನ ರೀ ಎನ್ನುತ್ತಿದ್ದವರು ಅವತ್ತು ಮಗಳನ್ನು ಕರೆದಂತೆ ಕರೆದರು.

ಸಂಜೆಯೊಳಗೆ ಅವರು ಸೇಡಂನಿಂದ ಬಸ್ಸು, ಆಟೋ ಹಿಡಿದು, ಧೋತರ ಮೊಣಕಾಲ ತನಕ ಕೆಸರು ಮಾಡಿಕೊಂಡು ದಂಡೋತಿಗೆ ಬಂದರು. ಮಾಣಿಕಮ್ಮನ ಮುಂದೆ ಕೆಸರಿನಲ್ಲೇ ಕೂತರು. ಸಮಾಧಾನದ ಒಂದು ಮಾತೂ ಆಡಲಿಲ್ಲ. ಚೀಲದಿಂದ ಚಹದ ಥರ್ಮಾಸ್ ತೆಗೆದು, "ಎರಡು ಗುಟುಕು ಕುಡೀರಿ ತಂಗಿ. ನಾಳಿ ತನಕ ಜೀವ ಹಿಡಿಬೇಕಲ್ಲ," ಎಂದರು. ಮುಂಜಾನೆಯಿಂದ ನೀರು ಸಹ ಮುಟ್ಟದಿದ್ದ ಮಾಣಿಕಮ್ಮ ಕುಡಿದಳು.

ಆಮೇಲೆ ಸಂಘಮಿತ್ರಾಳ ಹತ್ತಿರ ಬಂದು ಕೇಳಿದರು: "ಸುರೇಶ ಬರೆದದ್ದು ಓದಿದಿಯೇನು?"

"ಅವಂದು ಬರೀ ಚಾಷ್ಟಿ ಸರ್."

"ಚಾಷ್ಟಿ ಮಾಡ್ತಾನ, ಖರೆ. ಆದ್ರ ಲೆಕ್ಕ ಸುಳ್ಳಲ್ಲ. ಬರಬೇಕಾದ್ರ ನಾನೂ ಅದನ್ನ ವಿಚಾರ ಮಾಡಿಕೋತ ಬಂದೆ. ಭೀಮಾನ ನಾವು ಯಾರೂ ಲೆಕ್ಕಕ್ಕ ಹಿಡದಿಲ್ಲ. ನಿನಗ ಸಿಟ್ಟು ಅವನ ನಗೀ ಮ್ಯಾಲೆ ಅದ, ಉತ್ತರದ ಮ್ಯಾಲೆ ಅಲ್ಲ. ಅವನಿಗೇನು ಗೊತ್ತವ್ವಾ? ನೀ ಹೇಳಿಲ್ಲ."

ಆ ಮಾತು ನೆಟ್ಟಗೆ ಹೋಗಿ ನಾಟಿತು. ಅವಳು ನಕಾಶೆ ಬಿಚ್ಚಿ ಭೀಮೆಯ ನೀರಿನ ಮಟ್ಟ ಹಿಡಿದು ಹೊಸದಾಗಿ ಲೆಕ್ಕ ಹಾಕಿದಳು. ಇಡೀ ದಿನ ತಪ್ಪು ಜಾಗದಲ್ಲಿ ಕಳೆದಿದ್ದರು. ಕತ್ತಲಾಗುತ್ತಿತ್ತು, ದೋಣಿ ದಡ ಹತ್ತಿತ್ತು. ದೇವೀಂದ್ರಪ್ಪನ ಮುಂದೆ ನಿಂತು, "ನನ್ನ ತಪ್ಪಾತ್ರಿ. ನಾಳಿ ಬೆಳಕು ಹರೀತಲೇ ಶಹಾಬಾದದ ಕೆಳಗ ಹೋಗೂಣ," ಎಂದಳು. ಇಲಾಖೆಯಲ್ಲಿ ಇದ್ದಷ್ಟು ಕಾಲ ಅವಳ ಬಾಯಿಂದ ಯಾರೂ ಕೇಳದ ಮಾತು ಅದು.

ರವಿವಾರ ಬೆಳಿಗ್ಗೆ ಮಳೆ ನಿಂತಿತ್ತು. ಹೊಲಗಳ ತನಕ ಹಿಂದೆ ಸರಿದ ನೀರು ಅಲುಗಾಡದೆ ನಿಂತಿತ್ತು. ಅದರ ಅಂಚಿನಲ್ಲಿ ಅರ್ಧ ಮುಳುಗಿದ ಜಾಲಿಗಿಡಗಳ ಸಾಲು, ಗಿಡಗಳಿಗೆ ಸಿಕ್ಕ ಕಸಕಡ್ಡಿ. ದೋಣಿ ಎರಡು ಸುತ್ತು ಹಾಕುವುದರೊಳಗೆ ದೇವೀಂದ್ರಪ್ಪ ಕೈ ಎತ್ತಿದ. ಕೂಗಲಿಲ್ಲ, ಕೈ ಮಾತ್ರ ಎತ್ತಿದ. ರಾಜರತ್ನ ಜಾಲಿಯ ಬುಡದಲ್ಲಿ ಮಗ್ಗುಲಾಗಿ ಮಲಗಿದ್ದ. ಮೈಮೇಲೆ ತೆಳ್ಳಗೆ ಹೂಳು ಕೂತಿತ್ತು. ಹಗ್ಗ ಮುಂಗೈಗೆ ಹಾಗೆಯೇ ಇತ್ತು.

ದಂಡೆಗೆ ತಂದು ಮಲಗಿಸಿದಾಗ ಮಾಣಿಕಮ್ಮ ಮಗನ ಮುಖದ ಮೇಲಿನ ಕೆಸರನ್ನು ಸೆರಗಿನಿಂದ ಒರೆಸಿದಳು. ತಲೆ ಎತ್ತಿ ನೋಡಿದರೆ ಎದುರಿಗೆ ತಮ್ಮ ಓಣಿಯ ನೀರಿನ ಟಾಕಿ ಕಾಣುತ್ತಿತ್ತು.

"ನೋಡವ್ವಾ, ಮನಿಗೇ ಬರಾಕತ್ತಿದ್ದ ನನ್ನ ಮಗ," ಎಂದಳು. "ಊಟದ ಹೊತ್ತಿಗೆ ಬರ್ತೀನಿ ಅಂದಿದ್ದ. ಇಷ್ಟ ಸನಿ ಬಂದು ನಿಂತಾನ."

ಸಂಘಮಿತ್ರಾ ಆಗ ಅತ್ತಳು. ಕೆಸರಿನಲ್ಲಿ ಕೂತು, ಬಾಯಿ ತೆರೆದು, ಮಂದಿ ನೋಡುತ್ತಾರೆಂಬ ಪರಿವೆಯಿಲ್ಲದೆ ಅತ್ತಳು.

ಆಸ್ಪತ್ರೆಯ ಕೆಲಸ ಮುಗಿಸಿ ಮನೆಗೆ ತರುವಾಗ ಮಧ್ಯಾಹ್ನವಾಗಿತ್ತು. ಅಷ್ಟರಲ್ಲಿ ಎರಡನೆಯ ನೀರು ಬಂದು ಆ ಜಾಲಿಗಿಡಗಳು ಪೂರ್ತಿ ಮುಳುಗಿದ್ದವು. ಓಣಿಯ ಹಿರಿಯರು ಬಿಳಿ ಬಟ್ಟೆ ಉಟ್ಟು ಬಂದರು, ಬುದ್ಧನ ಚಿತ್ರದ ಮುಂದೆ ಮೇಣದಬತ್ತಿ ಹಚ್ಚಿ 'ಬುದ್ಧಂ ಸರಣಂ' ಎಂದು ತ್ರಿಸರಣ ಹೇಳಿದರು. ಮಳಖೇಡದಿಂದ ದಸ್ತಗೀರ ಬಂದ. ರಘೂತ್ತಮರು ಎಲ್ಲರ ಜೊತೆ ನಡೆದು ಹೋಗಿ, ಕುಣಿಯ ಅಂಚಿನಲ್ಲಿ ಬಾಗಿ, ಒಂದು ಹಿಡಿ ಮಣ್ಣು ಹಾಕಿ ಬಂದರು.

ಸಂಜೆ ಮುಂದಿನ ಕೋಣೆಯಲ್ಲಿ ಮೂವರೇ ಉಳಿದರು. ಮಾಣಿಕಮ್ಮ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದಳು. ಗೂಡಿನಲ್ಲಿ ಖಾಲಿ ಬಿಟ್ಟಿದ್ದ ಜಾಗದಲ್ಲಿ ಕಾಗಿಣಾದ ಬಾಟ್ಲಿ ಬಂದು ನಿಂತಿತ್ತು, ಮಣ್ಣು ಆಗಲೇ ತಳಕ್ಕೆ ಇಳಿದಿತ್ತು. ಸಂಘಮಿತ್ರಾ ಫೋನ್ ತೆರೆದ ಕೂಡಲೇ ಸುರೇಶನ ಸಂದೇಶ ಕಾಣಿಸಿತು. 'ಅಕ್ಕಾ, ರವಿವಾರ ಸಂಜಿ ಆತು, ಉತ್ತರ ಎಲ್ಲಿ? ಗೆದ್ದೆನೋ ಸೋತೆನೋ ಹೇಳ್ರಿ. ರೊಟ್ಟಿ ತಯಾರ ಇರಲಿ.'

ಅವಳು ಉತ್ತರ ಬರೆಯದೆ ಫೋನ್ ಕೆಳಗಿಟ್ಟಳು. ಆಮೇಲೆ ರಘೂತ್ತಮರ ಕಡೆ ತಿರುಗಿದಳು.

"ಆವತ್ತು ನಾ ನಿಮ್ಮದು ಅಳಿಸಿದಾಗ ಸಿಟ್ಟು ಬಂದಿತ್ತೇನ್ರಿ ಸರ್?"

"ಸಿಟ್ಟಲ್ಲವ್ವಾ. 'ಈ ಸಂದೇಶ ಅಳಿಸಲಾಗಿದೆ' ಅಂತ ಬರ್ತದಲ್ಲ, ಅದನ್ನ ನೋಡಿಕೋತ ಕೂತಿದ್ದೆ. ಆಕಿ ಹೋದದ್ದನ್ನ ನಾ ನಾಲ್ಕು ಮಂದಿಗೆ ಹೇಳಿದ್ದು ಅಲ್ಲೊಂದ ಕಡೆ. ಅದೂ ಹೋತು ಅನಿಸ್ತು. ಭಾಳ ಕೆಟ್ಟ ಅನಿಸ್ತು."

"ಅವರ ಹೆಸರು ಏನ್ರಿ ಸರ್? ನಾ ಓದಿದ್ದೆ. ಓದಿ ಅಳಿಸಿದೆ. ನೆನಪಿಲ್ಲ."

"ಜಾನಕೀಬಾಯಿ," ಎಂದರು ರಘೂತ್ತಮರು.

ಸಂಘಮಿತ್ರಾ ಗುಂಪಿನಲ್ಲಿ ಬರೆದಳು. ಈ ಸಲ ಅಳಿಸದೆ ಬರೆದಳು.

'ಮೂರನೆಯ ನಿಯಮವನ್ನು ಇವತ್ತಿನಿಂದ ತೆಗೆದುಹಾಕಿದ್ದೇನೆ. ಎಚ್ಚರಿಕೆಗಳಿಗೆ ಬೇರೆ ಗುಂಪು ಮಾಡುತ್ತೇನೆ. ಸೇಡಂನ ರಘೂತ್ತಮ ಅವರ ಪತ್ನಿ ಜಾನಕೀಬಾಯಿ ಮೂರು ವರ್ಷದ ಹಿಂದೆ ತೀರಿಕೊಂಡರು. ಆ ಸುದ್ದಿಯನ್ನು ನಾನು ಅಳಿಸಿದ್ದೆ. ಶನಿವಾರದ ಪ್ರಶ್ನೆಗೆ ಸುರೇಶಕುಮಾರ ಅವರ ಉತ್ತರ ಸರಿ. ಶಹಾಬಾದದ ಕೆಳಗೆ, ನಿಂತ ನೀರಿನ ಅಂಚಿನಲ್ಲಿ ಸಿಕ್ಕಿತು. ಆ ವಸ್ತು ನನ್ನ ತಮ್ಮ ರಾಜರತ್ನ.'

ಕಳಿಸಿ ಫೋನನ್ನು ಕಲ್ಲಿನ ನೆಲದ ಮೇಲೆ ಇಟ್ಟಳು. ಒಬ್ಬರೂ ಏನೂ ಬರೆಯಲಿಲ್ಲ. ಆಮೇಲೆ ಫೋನ್ ರಿಂಗಾಗತೊಡಗಿತು. ಸುರೇಶ. ಅವಳಿಂದ ಎತ್ತಲಾಗಲಿಲ್ಲ. ನಿಂತಿತು, ಮತ್ತೆ ರಿಂಗಾಯಿತು. ಮಾಣಿಕಮ್ಮ ಕಣ್ಣು ಬಿಟ್ಟು, "ಯಾರದವ್ವಾ? ಎತ್ತಬಾರದೇನು?" ಎನ್ನುತ್ತಾ ತಾನೇ ಎತ್ತಿಕೊಂಡಳು.

ಆ ಕಡೆಯಿಂದ ಹಡಗಿನ ಎಂಜಿನ್ನಿನ ಸದ್ದು, ಅದರ ನಡುವೆ ದೊಡ್ಡ ಗಂಡಸೊಬ್ಬನ ಅಳು. ನಡುವೆ ನಡುವೆ, "ನಾ ನಗಿ ಮಾಡಿದೆ ಅವ್ವಾ, ನಾ ನಗಿ ಮಾಡಿದೆ," ಎಂಬಷ್ಟು ಕೇಳಿಸುತ್ತಿತ್ತು. ಗುಂಪಿನಲ್ಲಿ ಯಾರು ಏನು ಬರೆದರೆಂಬುದು ಮಾಣಿಕಮ್ಮನಿಗೆ ಗೊತ್ತಿಲ್ಲ, ಇವನು ಏನೆಂದು ನಕ್ಕಿದ್ದನೆಂಬುದೂ ಗೊತ್ತಿಲ್ಲ. ಅವಳು ಕೇಳಿಸಿಕೊಳ್ಳುತ್ತಾ ಕೂತಳು. ಅಳು ಸ್ವಲ್ಪ ಇಳಿದ ಮೇಲೆ ಕೇಳಿದಳು:

"ಸುರೇಶಾ, ಊಟ ಮಾಡೀಯೇನಪಾ? ... ಇಲ್ಲಾ? ಯಾಕ? ... ಅಳಬ್ಯಾಡ. ರಜಾ ಹಾಕಿ ಬಾ. ರೊಟ್ಟಿ ಮಾಡ್ತೀನಿ, ಬಾ."